ಚೈನಿನ ಬದಿಯ ಸೀಲು

ಯಾದಗಿರಿ
೮ ಜುಲೈ ೨೦೨೪

ಶ್ರೀಯುತ ಮನ್ಸೂರಅಲಿಯವರ ದಿವ್ಯ ಸನ್ನಿಧಿಗೆ,

ಗಾಬರಿಯಾಗಬೇಡ. ಇದು ಗೌರವವಲ್ಲ. ಮೂರು ವರ್ಷದಿಂದ ಮಾತು ಬಿಟ್ಟವನನ್ನು ಏನೆಂದು ಕರೆಯಬೇಕೋ ತಿಳಿಯದೆ ಕೈಗೆ ಸಿಕ್ಕ ಪದ ಹಾಕಿದ್ದೇನೆ. ಫೋನು ಮಾಡಬಹುದಿತ್ತು, ನಾನು ಮಾಡಿದರೆ ನೀನು ಎತ್ತುವುದಿಲ್ಲ, ನೀನು ಎತ್ತಿದರೆ ನನಗೆ ಮಾತು ಹೊರಡುವುದಿಲ್ಲ. ಆದ್ದರಿಂದ ನಮ್ಮ ಅಂಗಡಿಯಿಂದ ಬಿಡಿಭಾಗ ಹೋಗುವ ದಾರಿಯಲ್ಲೇ ಪತ್ರವೂ ಹೊರಟಿದೆ. ಸುರಪುರದ ಬಸ್ಸಿನ ಡ್ರೈವರ್ ಬಾಷುಮಿಯಾ ಪೊಟ್ಟಣವನ್ನು ತೂಗಿ ನೋಡಿ, "ಒಡಿಯೋ ಸಾಮಾನೇನ್ರಿ?" ಎಂದ. "ಹಳೇ ದೋಸ್ತಿ" ಎಂದೆ. "ಹಂಗಾದ್ರ ಒಡಿಯೋದೇನು ಉಳದಿಲ್ಲ ಬಿಡ್ರಿ" ಎಂದು ಸೀಟಿನ ಕೆಳಗೆ ತಳ್ಳಿದ; ಬಸ್ಸು ಹೊರಡುವ ತನಕ ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ.

ವಿಷಯಕ್ಕೆ ಬರುತ್ತೇನೆ. ನನ್ನ ತಂಗಿ ನಂದಿನಿಗೆ ನರ್ಸ್ ನೌಕರಿ ನಿಮ್ಮ ಸುರಪುರದ ಕಡೆಗೇ ಬಿದ್ದಿದೆ. ಲಸಿಕೆಯ ಡಬ್ಬಿ ಕಟ್ಟಿಕೊಂಡು ಬಸ್ಸು ಕಾಣದ ಊರುಗಳಿಗೆಲ್ಲ ಹೋಗಬೇಕು. ಸ್ಕೂಟಿ ಕೊಡಿಸುತ್ತೇನೆ ಎಂದರೆ, "ಹೊಲದ ದಾರ್ಯಾಗ ಅದರ ಹೊಟ್ಟಿ ನೆಲಕ್ಕ ಹತ್ತತದ" ಎಂದು, ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಬೈಕು ತೆಗೆದುಕೊಂಡು ಹೋದಳು. ಯಾವ ಗಾಡಿ ಎಂದು ಕೇಳಬೇಡ. ಅದೇ. ಅಪ್ಪ ಸೀರೆ, ಖಣದ ಗಂಟು ಕಟ್ಟಿಕೊಂಡು ಊರೂರು ತಿರುಗಿದ ಗಾಡಿ. ನಾವಿಬ್ಬರೂ ಶಹಾಪುರದ ನಮ್ಮ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿ ಕಟ್ಟಿದ ಗಾಡಿ. ಕಟ್ಟಿಕೊಟ್ಟ ತಿಂಗಳಲ್ಲೇ ಚೈನಿನ ಬದಿಯಿಂದ ಎಣ್ಣೆ ಉಗುಳಿ, ಹಿಂದಿನ ಟೈರಿಗೆ ಬಳಿದು, ಅಪ್ಪನನ್ನು ತಿರುವಿನಲ್ಲಿ ಕೆಡವಿ ಕಾಲು ಮುರಿದ ಗಾಡಿ. ಆಮೇಲೆ ನೀನು ಸುರಪುರ, ನಾನು ಯಾದಗಿರಿ, ಗ್ಯಾರೇಜಿಗೆ ಬೀಗ.

ಈಗ ಅದು ನಿಂತಲ್ಲೆಲ್ಲ ನೆಲದ ಮೇಲೆ ಹನಿಗವನ ಬರೆಯುತ್ತಿದೆಯಂತೆ. ನಂದಿನಿ ನಗುತ್ತಾ ಹೇಳಿದಳು. ಅವಳು ಫೋನಿಟ್ಟ ಮೇಲೆ ನಾನು ಶೆಡ್ಡಿನ ಖಾಲಿ ಜಾಗವನ್ನು ಹೋಗಿ ನೋಡಿ ಬಂದೆ.

ನಿನ್ನ ಹತ್ತಿರ ಹೋಗಬೇಡ ಎಂದು ಹೇಳಿದ್ದೇನೆ. ಅಂದರೆ ಖಂಡಿತ ಬರುತ್ತಾಳೆ. ಎಣ್ಣೆ ತಡೆಯುವ ರಬ್ಬರಿನ ಸೀಲು ಕಳಿಸಿದ್ದೇನೆ. ಸರಿಯಾಗಿ ಕೂಡಿಸು. ಈ ಸಲವಾದರೂ.

ಇತಿ,
ದೇವು


ಸುರಪುರ
೧೧ ಜುಲೈ ೨೦೨೪

ದೇವು,

ಸನ್ನಿಧಿಗೆ ಪೊಟ್ಟಣ ತಲುಪಿತು. ಊದುಬತ್ತಿ ಹಚ್ಚಲಿಲ್ಲ, ಪೆಟ್ರೋಲು ಇರುವ ಜಾಗ.

ನಂದಿನಿ ಬಂದಳು. ಗಾಡಿ ನಿಲ್ಲಿಸುತ್ತಲೇ ಹೇಳಿದಳು: "ಮನ್ಸೂರಣ್ಣ, ನಮ್ಮಣ್ಣ ನಿಮ್ಮ ಕಡಿ ಹೋಗಬ್ಯಾಡ ಅಂದಾನ. ಅದಕ್ಕ ಹುಡುಕ್ಕೋತ ಬಂದೀನಿ." ಕೂತು ಚಹಾ ಕುಡಿದಳು. ನಿನ್ನ ಹೊಟ್ಟೆಯ ಸಮಾಚಾರ ಕೇಳಿದೆ, ಬೆಳೆಯುತ್ತಿದೆ ಎಂದಳು.

ಎಣ್ಣೆ ಕಂಡ ಜಾಗವೇ ಎಣ್ಣೆ ಹೊರಟ ಜಾಗವಲ್ಲ ಎಂದು ನಾವು ಕಲಿತದ್ದು ನಿನಗೆ ನೆನಪಿರಬೇಕು. ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತದೆ, ನಿಂತಾಗ ಭೂಮಿ ಕೆಳಕ್ಕೆ ಎಳೆಯುತ್ತದೆ. ಅದಕ್ಕೆ ಇಂಜಿನ್ನನ್ನು ಡೀಸೆಲ್ಲಿನಲ್ಲಿ ತೊಳೆದು, ಒರೆಸಿ, ಒಣಗಿಸಿ, ನನ್ನ ಹೆಂಡತಿ ರುಕ್ಸಾನಾಳ ಪೌಡರ್ ಡಬ್ಬಿ ಪೂರ್ತಿ ಉದುರಿಸಿದೆ. ಬಾಗಿಲಲ್ಲಿ ನಿಂತು ನೋಡಿದ ಅವಳು, "ಇಂಜಿನ್ ಕು ಪೌಡರ್, ಮೇರೇಕು ಪಸೀನಾ!" ಎಂದು ಹಣೆಯ ಬೆವರು ಒರೆಸಿಕೊಂಡು ಒಳಗೆ ಹೋದಳು. ನಂದಿನಿ ಬಿಡುತ್ತಾಳೆಯೆ? "ಗಾಡಿಗಿ ಲಗ್ನ ಗೊತ್ತಾಗ್ಯದೇನ್ರಿ?"

ರಂಗಂಪೇಟೆಯ ತನಕ ಓಡಿಸಿ ತಂದು ನೋಡಿದೆ. ಬಿಳಿಯ ಪೌಡರಿನ ಮೇಲೆ ಕಪ್ಪು ಗೆರೆ. ಗೆರೆಯ ತಲೆ ಹಿಡಿದು ಹೋದರೆ ಚೈನು ಎಳೆಯುವ ಹಲ್ಲಿನ ಸ್ಪ್ರಾಕೆಟ್ಟಿನ ಹಿಂದಿನ ಸೀಲು. ಅಂದರೆ ಅದೇ. ಪಾನಾ ಕೆಳಗಿಟ್ಟು ಮತ್ತೊಮ್ಮೆ ಒರೆಸಿ ನೋಡಿದೆ.

ಹೊಸ ಸೀಲಿನ ತುಟಿಗೆ ಎಣ್ಣೆ ಸವರಿ, ಸಾಕೆಟ್ ಅಡ್ಡವಿಟ್ಟು, ಸುತ್ತಲೂ ಒಂದೇ ಸಮ ಬಡಿದು ಕೂಡಿಸಿದ್ದೇನೆ. ಶಹಾಪುರದಲ್ಲೂ ಹೀಗೇ ಕೂಡಿಸಿದ್ದೆ. ಈ ಸಲವಾದರೂ ಎಂದೆಯಲ್ಲ, ಅದಕ್ಕೆ ಹೇಳಿದೆ.

ಮನ್ಸೂರ


ಯಾದಗಿರಿ
೨೪ ಜುಲೈ ೨೦೨೪

ಮನ್ಸೂರ,

ನಿನ್ನ ಸೀಲು ಎಷ್ಟು ಗಟ್ಟಿಯಾಗಿದೆಯೆಂದರೆ ಎಣ್ಣೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಒಳಗೆ ನಿಂತಿದೆಯಂತೆ. ನಂದಿನಿ ಫೋಟೊ ಕಳಿಸಿದ್ದಾಳೆ. ರಿಮ್ಮಿನ ಮೇಲೆ ಎಣ್ಣೆ. ಟೈರಿನ ಅಂಚಿಗೂ ಹತ್ತಿದೆ. ಕಕ್ಕೇರಾದಿಂದ ಬರುವಾಗ ನಿಲ್ಲಿಸಿ ಮಣ್ಣು ಹಾಕಿ ಒರೆಸಿಕೊಂಡು ಬಂದಳಂತೆ. "ಮಣ್ಣು ಹಾಕಿದೆ" ಎಂಬ ಮಾತು ಕೇಳಿ ನಾನು ಅಂಗಡಿಯಲ್ಲಿ ಗಿರಾಕಿ ಕೇಳಿದ ಬ್ರೇಕ್ ಶೂ ಬದಲು ಬಲ್ಬು ಕೊಟ್ಟು ಕಳಿಸಿದೆ.

ನಿನಗೆ ಗೊತ್ತು, ನಾನು ಹೆದರಿದಾಗ ಜಾಸ್ತಿ ಮಾತಾಡುತ್ತೇನೆ. ಕಾಲೇಜಿನಲ್ಲಿ ಕನ್ನಡದ ಮೇಷ್ಟ್ರು, ಸ್ನೇಹ ಎಂಬ ಶಬ್ದಕ್ಕೆ ಎಣ್ಣೆಯೆಂದೂ ಅರ್ಥವಿದೆ ಎಂದಾಗ ನಾವಿಬ್ಬರೂ ಹಿಂದಿನ ಬೆಂಚಿನಲ್ಲಿ ನಕ್ಕಿದ್ದೆವು. ಈಗ ಯಾವುದು ಸೋರಿತು ಎಂದು ವಿಚಾರಿಸುತ್ತಾ ಕೂತರೆ ನಗು ಬರುವುದಿಲ್ಲ.

ಅಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಎಲ್ಲ ಕೇಳಿಸಿಕೊಂಡರು. ನೀನು ಅವರ ಮಾತಿನ ಧಾಟಿ ಮರೆತಿರಲಾರೆ. "ಅಂವಾ ಕೈಯಾಗ ಪಾನಾ ಹಿಡದು ಬಾಯಾಗ ಹಾಡು ಹಾಡ್ತಿದ್ದ. ಸೀಲು ಹ್ಯಾಂಗ ಕೂಡತದ? ನನ್ನ ಕಾಲು ಹೋತು, ಈಗ ಹುಡುಗಿದೂ ಹೋಗಲೇನು?" ನಾನು ಏನೂ ಅನ್ನಲಿಲ್ಲ. ಅಂದು ಆಸ್ಪತ್ರೆಯಲ್ಲಿ ಅವರು ನಿನ್ನನ್ನು ಬೈದಾಗಲೂ ಏನೂ ಅಂದಿರಲಿಲ್ಲ. ನೀನು ಬಾಗಿಲಲ್ಲಿ ನಿಂತಿದ್ದೆ.

ಇನ್ನೊಂದು ಸೀಲು ಇದೆ, ಪೊಟ್ಟಣದಲ್ಲಿ.

ದೇವು


ಸುರಪುರ
೨೭ ಜುಲೈ ೨೦೨೪

ದೇವು,

ಕಾಕಾ ಏನೇ ಅನ್ನಲಿ, ನಿಮ್ಮಪ್ಪನ ಮಾತಿಗೆ ನಾನು ಎದುರಾಡುವುದಿಲ್ಲ. ಹಾಡುತ್ತಿದ್ದದ್ದು ನಿಜ. ಕೆಟ್ಟದಾಗಿ ಹಾಡುತ್ತಿದ್ದದ್ದೂ ನಿಜ. ಅದಕ್ಕೆ ಸೀಲು ಸಿಟ್ಟಾಗಿ ಎದ್ದು ಹೋಗುತ್ತದೆಂದು ಯಾವ ಮಿಸ್ತ್ರಿಯೂ ಹೇಳಿಲ್ಲ.

ನೀನು ಬಾಯಿ ಬಿಟ್ಟು ಕೇಳದ್ದನ್ನು ನಾನು ಕೇಳುತ್ತೇನೆ: ನಿನ್ನ ಅಂಗಡಿಯ ಸೀಲು ಅಸಲೋ ನಕಲೋ? ರಬ್ಬರು ಒತ್ತಿ ನೋಡಿದೆ, ಮೆತ್ತಗೇ ಇದೆ. ತುಟಿ ಹರಿದಿಲ್ಲ. ಆದರೂ ಜಾಗ ಬಿಟ್ಟು ಈಚೆ ಬಂದಿತ್ತು. ಶಾಫ್ಟು ಅಲುಗಾಡುತ್ತದೆಯೆ ಎಂದು ಹಿಡಿದು ಎಳೆದೆ; ಇಲ್ಲ. ಎಣ್ಣೆ ಅಳತೆ ಮೀರಿದೆಯೆ ಎಂದು ನೋಡಿದೆ. ಕಡಿಮೆಯೇ ಇದೆ, ಸೋರಿ. ಮೇಲಿನ ಕವರು, ಕ್ಲಚ್ಚಿನ ಕವರು, ಡ್ರೈನ್ ಬೋಲ್ಟು ಎಲ್ಲ ಒಣಗಿವೆ. ಹಟ ಮಾಡುತ್ತಿರುವುದು ಅದೊಂದೇ ಜಾಗ.

ಎರಡನೆಯದನ್ನು ಕೂಡಿಸಿದ್ದೇನೆ. ಆದರೆ ಗಾಡಿ ಕೊಟ್ಟಿಲ್ಲ. ಚಾವಿ ನನ್ನ ಜೇಬಿನಲ್ಲಿದೆ. ನಾನೇ ದಿನಾ ಓಡಿಸಿ ನೋಡಿ, ಆಮೇಲೆ ಕೊಡುತ್ತೇನೆ ಎಂದೆ. ನಿನ್ನ ತಂಗಿ ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಟಂಟಂ ಆಟೊ ಹತ್ತಿ, ಇಳಿದು, ಕೆಸರಿನಲ್ಲಿ ನಡೆದು ಹೋಗುತ್ತಿದ್ದಾಳೆ. ಸಂಜೆ ಬಂದು ಚಪ್ಪಲಿ ಝಾಡಿಸುತ್ತಾ, "ಮನ್ಸೂರಣ್ಣ, ನೀವು ಗಾಡಿ ರಿಪೇರಿ ಮಾಡಾಕತ್ತೀರೋ, ಜಪ್ತಿ ಮಾಡೀರೋ?" ಎನ್ನುತ್ತಾಳೆ. ಯಾವುದೋ ಹೊಲಮನೆಗಳ ವಸ್ತಿಯಲ್ಲಿ ಅವಳು ತಲುಪುವಷ್ಟರಲ್ಲಿ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಹೊಲಕ್ಕೆ ಹೋಗಿಬಿಟ್ಟಿದ್ದರಂತೆ. ಅದನ್ನು ಹೇಳುವಾಗ ಮಾತ್ರ ನಗಲಿಲ್ಲ.

ಮನ್ಸೂರ


ಯಾದಗಿರಿ
೯ ಆಗಸ್ಟ್ ೨೦೨೪

ಮನ್ಸೂರ,

ನನ್ನ ಸೀಲು ಅಸಲು. ನನ್ನ ಸಿಟ್ಟೂ ಅಸಲೇ. ಆದರೆ ಈ ಪತ್ರ ಜಗಳಕ್ಕಲ್ಲ.

ಒಂದು ಉಪಕಾರ ಮಾಡು. ಆ ಇಂಜಿನ್ನು ಸತ್ತಿದೆ ಎಂದು ನಂದಿನಿಗೆ ಹೇಳು. ಕೇಸಿಂಗು ಸೀಳಿದೆ ಅನ್ನು, ಕ್ರ್ಯಾಂಕು ಹೋಗಿದೆ ಅನ್ನು, ನಿನಗೆ ಯಾವ ರೋಗದ ಹೆಸರು ಚೆಂದ ಕಾಣುತ್ತದೋ ಅದನ್ನು ಅನ್ನು. ನಾನು ಹೇಳಿದರೆ ನಂಬುವುದಿಲ್ಲ, ನಾನು ಎಲ್ಲದಕ್ಕೂ ಸತ್ತೆ ಸತ್ತೆ ಅನ್ನುವವನು. ನೀನು ಹೇಳಿದರೆ ನಂಬುತ್ತಾಳೆ.

ಅಪ್ಪ ಬಿದ್ದ ದಿನ ನಾನೇ ಎತ್ತಿಕೊಂಡು ಹೋದವನು. ಕಾಲು ಹೇಗೆ ತಿರುಗಿತ್ತು ಎಂದು ನೀನು ನೋಡಿಲ್ಲ. ಈಗ ನಂದಿನಿಯ ಫೋನು ಬಂದರೆ ಹೆಸರು ನೋಡಿ ಮೊದಲು ಗೋಡೆ ಹಿಡಿದುಕೊಳ್ಳುತ್ತೇನೆ, ಆಮೇಲೆ ಎತ್ತುತ್ತೇನೆ. "ಅಣ್ಣಾ, ಊಟ ಆತೇನು?" ಎನ್ನುತ್ತಾಳೆ. ಊಟ ಆಗಿದ್ದರೂ ಕರಗಿ ಹೋಗಿರುತ್ತದೆ.

ಸುಳ್ಳು ಹೇಳಿಸುವುದು ತಪ್ಪು ಎಂದು ಬರೆಯಬೇಡ. ತಪ್ಪು ಎಂದು ಗೊತ್ತಿದ್ದೇ ಪತ್ರದಲ್ಲಿ ಕೇಳಿದ್ದೇನೆ, ಮುಖ ನೋಡಿ ಕೇಳಲು ಆಗುತ್ತಿರಲಿಲ್ಲ. ಗಾಡಿಯನ್ನು ಗುಜರಿಗೆ ಹಾಕು. ಗಾಡಿ ಗುಜರಿಗೆ ಹೋದರೆ ನಾನು ಗುಜರಾನ್ ಮಾಡಬಹುದು. ನೋಡು, ಇಂಥ ಹೊತ್ತಿನಲ್ಲೂ ನಾಲಿಗೆ ಸುಮ್ಮನಿರುವುದಿಲ್ಲ.

ನಿನ್ನನ್ನೇ ನಂಬಿದ
ದೇವು


ಸುರಪುರ
೨೨ ಆಗಸ್ಟ್ ೨೦೨೪

ದೇವು,

ಉತ್ತರ ತಡವಾಯಿತು. ಎರಡು ಸಲ ಬರೆದು ಹರಿದೆ.

ಮೊದಲು ಇದನ್ನು ಓದಿಕೊ: ನಂದಿನಿ ಚೆನ್ನಾಗಿದ್ದಾಳೆ. ನಿಂತಿದ್ದಾಳೆ, ನಡೆಯುತ್ತಿದ್ದಾಳೆ, ನನ್ನನ್ನು ಬೈಯುತ್ತಿದ್ದಾಳೆ. ಗೋಡೆ ಬಿಡು.

ನೀನು ಹೇಳಿದ ಸುಳ್ಳನ್ನು ಹೇಳಿ ನೋಡಿದೆ. ಹೇಳುವ ಮೊದಲು ಎರಡು ಸಲ ಮನಸ್ಸಿನಲ್ಲೇ ಓದಿಕೊಂಡೆ. "ನಂದಿನಿ, ಇಂಜಿನ್ ಖತಂ ಆಗ್ಯದ" ಎಂದೆ. ಅವಳು ಗಾಡಿಯ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದಳು. "ಇದು ನಿಮ್ಮ ಮಾತೋ, ಯಾದಗಿರಿಯಿಂದ ಪಾರ್ಸಲ್ ಬಂದದ್ದೋ?" ನಾನು ಕೈ ಒರೆಸುವ ಬಟ್ಟೆ ಹುಡುಕತೊಡಗಿದೆ, ಅವಳಿಗೆ ಅಷ್ಟೇ ಸಾಕಾಯಿತು. "ಅಂಜೋರು ಅವರು, ಗಾಡಿ ಬಿಟ್ಟು ನಡ್ಯಾಕಿ ನಾನು!" ಎಂದು ಹೋದಳು. ಮರುದಿನ ನಾನು ಅಂಗಡಿ ತೆರೆಯುವ ಮೊದಲೇ ಗಾಡಿ ಇರಲಿಲ್ಲ. ಅವಳ ಹತ್ತಿರ ಇನ್ನೊಂದು ಚಾವಿ ಇದೆಯೆಂದು ನಿನಗಾದರೂ ಗೊತ್ತಿತ್ತೆ?

ಬೋನಾಳದ ಕೆರೆಯ ಮಗ್ಗುಲಿನ ತಿರುವಿನಲ್ಲಿ ಹಿಂದಿನ ಗಾಲಿ ಜಾರಿದೆ. ವೇಗ ಇರಲಿಲ್ಲ. ಮೊಣಕೈ ತರಚಿದೆ, ಅಷ್ಟೇ. ಡಬ್ಬಿಯನ್ನು ಎದೆಗೆ ಅಪ್ಪಿಕೊಂಡು ಬಿದ್ದಿದ್ದಾಳೆ, ಲಸಿಕೆ ಒಂದೂ ಕೆಟ್ಟಿಲ್ಲ. ಹಾಲಿನವನ ಟಂಟಂನಲ್ಲಿ ಗಾಡಿ ಹೇರಿಕೊಂಡು ಬಂದಳು. ಬಿದ್ದೆಯಾ ಎಂದರೆ, "ಬಿದ್ದಿಲ್ರಿ. ಗಾಡಿಗಿ ದಣಿವಾಗಿತ್ತು, ಮಲಗ್ತು. ಅದರ ಸಂಗಾಟ ನಾನೂ ಮಲಗಿದೆ" ಎಂದಳು. ತುಟಿ ಬಿಳಿಚಿತ್ತು. ರುಕ್ಸಾನಾ ಒಳಗೆ ಕರೆದುಕೊಂಡು ಹೋಗಿ ಮೊಣಕೈ ತೊಳೆದಳು. ಒಳಗಿನಿಂದ ಅಳು ಕೇಳಿಸಿತು. ಅದು ನಂದಿನಿಯದಲ್ಲ, ರುಕ್ಸಾನಾಳದು. ನಂದಿನಿ ಸಮಾಧಾನ ಮಾಡುತ್ತಿದ್ದಳು.

ಎರಡನೆಯ ಸೀಲೂ ಈಚೆ ಬಂದಿದೆ. ಈಗ ಶಹಾಪುರದ ಹಳೆಯದೂ ಸೇರಿ ಮೂರನ್ನೂ ಸಾಲಾಗಿ ಇಟ್ಟು ನೋಡುತ್ತಿದ್ದೇನೆ. ಹರಿದಿಲ್ಲ, ಸವೆದಿಲ್ಲ, ಓರೆಯಾಗಿಲ್ಲ. ಮೂರೂ ಒಳಗಿನಿಂದ ದಬ್ಬಿಸಿಕೊಂಡು ಬಂದವು. ಯಾರೋ ಒಳಗೆ ಕೂತು ಒದೆಯುತ್ತಿರುವ ಹಾಗೆ. ನಾವು ಇಷ್ಟು ದಿನ ಬಾಗಿಲು ಬದಲಾಯಿಸುತ್ತಾ ಬಂದೆವು, ಒದೆಯುವವನು ಯಾರೆಂದು ಕೇಳಲಿಲ್ಲ.

ಎರಡೂ ಚಾವಿ ಈಗ ನನ್ನ ಹತ್ತಿರ ಇವೆ. ಅವಳೇ ಮೇಜಿನ ಮೇಲೆ ಇಟ್ಟು ಹೋದಳು. ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು.

ಮನ್ಸೂರ


ಯಾದಗಿರಿ
೨೩ ಆಗಸ್ಟ್ ೨೦೨೪

ಬಿದ್ದಿದ್ದಾಳೆ ಎಂದು ಬರೆಯಲು ನಿನಗೆ ಅರ್ಧ ಪತ್ರ ಬೇಕಾಯಿತು. ಅವಳು ನನಗೆ ಹೇಳಿದ್ದು, "ಬಾಗಿಲಿಗಿ ಮೊಣಕೈ ಬಡೀತು" ಎಂದು. ಯಾವ ಬಾಗಿಲು ಎಂದು ಕೇಳಲಿಲ್ಲ ನಾನು.

ಗಾಡಿಯನ್ನು ಮುಟ್ಟಬೇಡ. ಯಾರಿಗೂ ಕೊಡಬೇಡ. ಅಪ್ಪನಿಗೆ ಹೇಳಿಲ್ಲ. ಹೇಳಿದರೆ ಅವರು ಕೋಲು ಊರಿಕೊಂಡು ಸುರಪುರಕ್ಕೇ ಬಂದು ನಿನ್ನ ಅಂಗಡಿಯ ಮುಂದೆ ಕೂಗಾಡುತ್ತಾರೆ, ನಾನು ತಡೆಯುವುದಿಲ್ಲ.

ಇವತ್ತು ಯಾವ ಮಾತಿಗೂ ಇನ್ನೊಂದು ಅರ್ಥ ಹೊಳೆಯುತ್ತಿಲ್ಲ.

ದೇವು


ಸುರಪುರ
೧ ಸೆಪ್ಟೆಂಬರ್ ೨೦೨೪

ದೇವು,

ನೀನು ಮುಟ್ಟಬೇಡ ಎಂದೆ. ನಾನು ಮುಟ್ಟಿದೆ. ಪೂರ್ತಿ ಓದಿದ ಮೇಲೆ ಬೈ.

ಇಲ್ಲೇ ಕೊಂಡ ಮೂರನೆಯ ಹೊಸ ಸೀಲು ಕೂಡಿಸಿ, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಹಾಕಿ, ಇಂಜಿನ್ ಚಾಲೂ ಇಟ್ಟು ಕೂತೆ. ನಂದಿನಿ ರಜೆಯ ದಿನವೆಂದು ಬಂದಿದ್ದಳು, ದೂರ ಸ್ಟೂಲಿನ ಮೇಲೆ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಸೀಲಿನ ಅಂಚು ಬೆವರತೊಡಗಿತು. ಆಗ ಇಂಜಿನ್ ಬಂದ್ ಮಾಡಿ ಎಣ್ಣೆ ಹಾಕುವ ಮುಚ್ಚಳ ತಿರುಗಿಸಿದೆ. ಫುಸ್ಸೆಂದು ಗಾಳಿ ಮುಖಕ್ಕೆ ಬಡಿಯಿತು, ಸೋಡಾ ಬಾಟಲಿಯ ಗೋಲಿ ಒತ್ತಿದ ಹಾಗೆ. ನಂದಿನಿ ದೂರದಿಂದಲೇ, "ಅಯ್ಯ, ಇದಕ್ಕ ಗ್ಯಾಸ್ ಆಗ್ಯದ!" ಎಂದಳು. ನರ್ಸ್ ಹೇಳಿದ್ದೇ ಸರಿಯಾಗಿತ್ತು. ನಾನು ಮಿಸ್ತ್ರಿ, ಸೋರುವ ಜಾಗವನ್ನೇ ನೋಡುತ್ತಾ ಕೂತಿದ್ದೆ, ಉಸಿರು ನೋಡಿರಲಿಲ್ಲ.

ಇಂಜಿನ್ನಿನ ಒಳಗಿನ ಗಾಳಿ ಹೊರಗೆ ಹೋಗಲು ಬ್ರೀದರ್ ಪೈಪು ಇದೆಯಲ್ಲ, ಹಿಂಬದಿಯಲ್ಲಿ ಕೆಳಗೆ ಇಳಿಬಿಟ್ಟಿರುತ್ತದೆ, ಕೆಸರು ಮೆತ್ತಿಕೊಂಡು ಯಾರ ಕಣ್ಣಿಗೂ ಬೀಳುವುದಿಲ್ಲ. ಮತ್ತೆ ಚಾಲೂ ಮಾಡಿ ಅದರ ಬಾಯಿಗೆ ಬೆರಳು ಹಿಡಿದೆ. ಉಸಿರಿಲ್ಲ. ಗಾಲಿಯ ಕಡ್ಡಿಯ ತುದಿ ಬಾಗಿಸಿ ಒಳಗೆ ಹಾಕಿ ಎಳೆದೆ. ಮೊದಲು ಮಣ್ಣು ಬಂತು. ಆಮೇಲೆ ಬಟ್ಟೆ. ಬಿಗಿಯಾಗಿ ಹೊಸೆದು, ಬೆರಳಿನಿಂದ ಒಳಗೆ ಒತ್ತಿದ ಬಟ್ಟೆ.

ತೊಳೆದರೆ ಬಣ್ಣ ಬಂತು. ಖಣದ ಅಂಚು, ಹಸಿರು. ನಾನು ಏನೂ ಅನ್ನುವ ಮೊದಲೇ ನಂದಿನಿ ಸ್ಟೂಲಿನಿಂದ ಎದ್ದಳು. "ಹರಗೋಲು" ಎಂದಳು.

ನಿನಗೂ ಗೊತ್ತಿರಬೇಕು. ಹೊಳೆಯ ಆಚೆಯ ಊರುಗಳಿಗೆ ಕಾಕಾ ಸೀರೆ ಮಾರಲು ಹೋಗುತ್ತಿದ್ದಾಗ ಗಾಡಿಯನ್ನೂ ಹರಿಗೋಲಿನಲ್ಲಿ ಹಾಕಿಕೊಂಡು ದಾಟುತ್ತಿದ್ದರು. ನೀರು ಸಿಡಿದು ಒಳಗೆ ಹೋಗದಿರಲಿ ಎಂದು ಅಂಬಿಗರು ಸೈಲೆನ್ಸರಿಗೆ ಬಟ್ಟೆ ತುರುಕಿಸುತ್ತಾರೆ, ತಿಳಿದವರು ಈ ಪೈಪಿಗೂ ತುರುಕುತ್ತಾರೆ. ದಡ ಸೇರಿದ ಮೇಲೆ ಸೈಲೆನ್ಸರಿನದನ್ನು ಮರೆಯಲಾಗುವುದಿಲ್ಲ, ಗಾಡಿ ಚಾಲೂ ಆಗುವುದಿಲ್ಲ, ತಾನೇ ನೆನಪಿಸುತ್ತದೆ. ಈ ಸಣ್ಣ ಪೈಪಿಗೆ ನಾಲಿಗೆ ಇಲ್ಲ. ನಾವು ಇಂಜಿನ್ ಕಟ್ಟಿಕೊಟ್ಟ ಮೇಲೆ ಕಾಕಾ ಮೊದಲು ಹೋದದ್ದೇ ಹೊಳೆಯ ಆಚೆಗೆ ಎಂದು ನಂದಿನಿ ಹೇಳುತ್ತಾಳೆ. ವಾಪಸು ಬಂದು ಆ ವಾರದಲ್ಲೇ ಬಿದ್ದರು.

ಬಟ್ಟೆ ತೆಗೆದ ಮೇಲೆ ದಿನಾ ಓಡಿಸಿ ನೋಡಿದ್ದೇನೆ. ಕಕ್ಕೇರಾಕ್ಕೆ ಹೋಗಿ ಬಂದೆ, ಶಹಾಪುರಕ್ಕೆ ಹೋಗಿ ಬಂದೆ, ಬೇಕೆಂದೇ ನಮ್ಮ ಹಳೆಯ ಗ್ಯಾರೇಜಿನ ಮುಂದಿನಿಂದ. ಮತ್ತೆ ಪೌಡರ್ ಹಾಕಿ ನೋಡಿದೆ. ಬೆಳ್ಳಗೇ ಇದೆ. ಆದರೂ ನಿಲ್ಲಿಸಿದಲ್ಲೆಲ್ಲ ಬಗ್ಗಿ ನೋಡುವ ಚಟ ಹತ್ತಿದೆ. ರುಕ್ಸಾನಾ, ನಮಾಜಿಗಿಂತ ಹೆಚ್ಚು ಸಲ ಬಗ್ಗುತ್ತೀರಿ ಎನ್ನುತ್ತಾಳೆ.

ಚಾವಿ ನಂದಿನಿಗೆ ಕೊಟ್ಟಿದ್ದೇನೆ. ನಿನ್ನನ್ನು ಕೇಳಲಿಲ್ಲ.

ಒಂದು ಮಾತು. ಕಾಕಾನಿಗೆ ಹೇಳಬೇಡ. ಅವರ ಕಾಲಿಗೆ ಆ ಭಾರ ಬೇಡ. ನನ್ನ ಹೆಸರಿಗೆ ಅಭ್ಯಾಸವಾಗಿದೆ.

ಮನ್ಸೂರ


ಯಾದಗಿರಿ
೧೭ ಸೆಪ್ಟೆಂಬರ್ ೨೦೨೪

ಮನ್ಸೂರ,

ಬಹಳ ದಿನ ಸುಮ್ಮನಿದ್ದೆ. ನಾನು ಸುಮ್ಮನಿರುವುದು ಎಂದರೆ ಏನೆಂದು ನಿನಗೆ ಗೊತ್ತು. ಹೆಂಡತಿ ಡಾಕ್ಟರಿಗೆ ತೋರಿಸಲೇ ಎಂದು ಕೇಳಿದಳು.

ನೀನು ಅಪ್ಪನಿಗೆ ಹೇಳಬೇಡ ಎಂದೆ. ನಾನು ಖುಷಿಯಿಂದ ಒಪ್ಪಿದೆ. ಹೇಳದೇ ಇರುವುದು ನನಗೆ ಒಗ್ಗಿದ ಕೆಲಸ. ಆದರೆ ಮೊನ್ನೆ ಬಳಿಚಕ್ರದ ಗಿರಾಕಿಯೊಬ್ಬ ಬಂದು, ಸುರಪುರದಲ್ಲಿ ಅಳಿಯನ ಗಾಡಿ ಕೆಟ್ಟಿದೆ, ಅಲ್ಲಿ ಒಳ್ಳೆಯ ಮಿಸ್ತ್ರಿ ಯಾರಿದ್ದಾರೆ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಯಾರ ಕಡೀಗರ ಹೋಗ್ರಿ, ಮನ್ಸೂರ್ಯಾನ ಕಡಿ ಮಾತ್ರ ಹೋಗಬ್ಯಾಡ್ರಿ" ಎಂದು ಕಾಲು ಮುಂದಕ್ಕೆ ಚಾಚಿ ತೋರಿಸಿದರು. ಎಷ್ಟು ಗಿರಾಕಿಗಳಿಗೆ ಆ ಕಾಲು ತೋರಿಸಿದ್ದಾರೋ! ಪ್ರತಿ ಸಲವೂ ನಾನು ಪಕ್ಕದಲ್ಲೇ ನಿಂತು ಬೋಲ್ಟು ಎಣಿಸಿದ್ದೇನೆ.

ಗಿರಾಕಿ ಹೋದ ಮೇಲೆ ಹೇಳಿಬಿಟ್ಟೆ. ಖಣ, ಪೈಪು, ಹರಿಗೋಲು, ಎಲ್ಲ. ಅಪ್ಪ ಚಾಚಿದ ಕಾಲನ್ನು ಒಳಗೆಳೆದುಕೊಂಡರು. "ಸೈಲೆನ್ಸರಿಂದು ತಗದಿದ್ದೆ ನಾ" ಎಂದರು. ಅಷ್ಟೇ. ಊಟಕ್ಕೆ ಕರೆದರೆ ಬರಲಿಲ್ಲ. ಮರುದಿನವೂ ಗಲ್ಲಾಪೆಟ್ಟಿಗೆಯ ಹಿಂದೆ ಕೂತರು, ಯಾರಿಗೂ ಕಾಲು ತೋರಿಸಲಿಲ್ಲ. ಸಂಜೆ ನಂದಿನಿಗೆ ತಾವೇ ಫೋನು ಹಚ್ಚಿದರು: "ಗಾಡಿ ತಗೊಂಡು ಬಾ. ನಾ ನಿನ್ನ ಹಿಂದ ಕುಂತು ಸುರಪುರಕ್ಕ ಬರ್ತೀನಿ."

ಬಿದ್ದ ಮೇಲೆ ಅವರು ಯಾವ ಬೈಕನ್ನೂ ಹತ್ತಿಲ್ಲ. ಆಟೊ ತರುತ್ತೇನೆ ಎಂದೆ, ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದೆ. "ದೇವ್ಯಾ, ನಾ ಸಾಮಾನಲ್ಲ, ಪಾರ್ಸಲ್ ಮಾಡಬ್ಯಾಡ ನನ್ನ" ಎಂದರು.

ನಂದಿನಿ ನಿನ್ನೆ ಬಂದಳು. ಗಾಡಿ ಅಂಗಳದಲ್ಲಿ ನಿಂತಿತ್ತು. ಬೆಳಿಗ್ಗೆ ಎದ್ದು ಇಂಜಿನ್ನಿನ ಕೆಳಗೆ ಬಗ್ಗಿ ನೋಡಿದೆ. ಕೈ ಆಡಿಸಿದೆ, ಮೂಸಿ ನೋಡಿದೆ. ಬರೀ ಮಣ್ಣು. ಒಣ ನೆಲ ನೋಡಿ ಹೆದರಿದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಎಣ್ಣೆ ಇದ್ದಿದ್ದರೆ ತಡೆಯಲು ಒಂದು ನೆವ ಇರುತ್ತಿತ್ತು.

ಈಗತಾನೆ ಹೋದರು. ಅಪ್ಪ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನಂದಿನಿಯ ಹೆಗಲು ಹಿಡಿದಿದ್ದರು. ನೀನೂ ಬಾ ಎಂದಳು. ಅಂಗಡಿ ಇದೆ ಎಂದೆ. ಅಂಗಡಿ ತೆರೆದಿಲ್ಲ, ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಓಡಿಸುವಾಗ ಅವಳು ಫೋನು ಎತ್ತುವುದಿಲ್ಲ, ಎತ್ತಬಾರದು ಎಂದು ನಾನೇ ಆಣೆ ಹಾಕಿಸಿದ್ದೇನೆ. ಈ ಪತ್ರ ಅವರ ಹಿಂದಿನ ಬಸ್ಸಿಗೆ ಬರುತ್ತದೆ. ಪೊಟ್ಟಣದಲ್ಲಿ ಈ ಸಲ ಸೀಲು ಇಲ್ಲ, ಏನೂ ಇಲ್ಲ. ಬರೀ ಪತ್ರ ಹೇಗೆ ಕಳಿಸುವುದೆಂದು ಖಾಲಿ ಡಬ್ಬಿಗೆ ದಾರ ಕಟ್ಟಿದ್ದೇನೆ.

ನಿನಗೆ ಇನ್ನೊಂದು ಮಾತು ಬರೆಯಬೇಕಿತ್ತು. ಬಸ್ಸು ಬಂತು.

ದೇವು


ಸುರಪುರ
೧೭ ಸೆಪ್ಟೆಂಬರ್ ೨೦೨೪, ಸಂಜೆ

ದೇವು,

ಬಂದರು. ಇಬ್ಬರೂ ನೆಟ್ಟಗಿದ್ದಾರೆ. ನಂದಿನಿ ನಿನಗೆ ಫೋನು ಮಾಡಿರುತ್ತಾಳೆ, ಆದರೂ ಬರೆಯುತ್ತೇನೆ. ಅವಳು ಹೇಳಿದ್ದನ್ನು ನೀನು ನಂಬುವುದಿಲ್ಲ.

ಕಾಕಾ ಗಾಡಿಯಿಂದ ಇಳಿದವರು ಅಂಗಡಿಯ ಒಳಗೆ ಬರಲಿಲ್ಲ. ಹೊರಗೇ ನಿಂತು ಕೋಲಿನ ತುದಿಯಿಂದ ಆ ಪೈಪನ್ನು ಮುಟ್ಟಿ ನೋಡಿದರು. ನಾನು ಕುರ್ಚಿ ತಂದೆ. ಕೂರಲಿಲ್ಲ. ಕೂತಿದ್ದ ಗಿರಾಕಿಗಳು ಎದ್ದು ನಿಂತರು.

"ಮೂರು ವರ್ಷ ನಿನ್ನ ಬೈದೀನಿ ಮನ್ಸೂರ್ಯಾ" ಎಂದರು. "ಮಂದಿ ಮುಂದ ಬೈದೀನಿ. ಇಲ್ಲೂ ಮಂದಿ ಅದಾರ. ಈಗ ನೀ ಬೈ, ನಾ ಕೇಳ್ತೀನಿ."

ಎಷ್ಟೋ ಸಲ ಕೆಲಸ ಮಾಡುತ್ತಾ ಮನಸ್ಸಿನಲ್ಲಿ ಬೈದು ಮುಗಿಸಿದ್ದೆ, ಒಂದೂ ಬಾಯಿಗೆ ಬರಲಿಲ್ಲ. "ಚಾ ಕುಡೀರಿ ಕಾಕಾ" ಎಂದೆ. "ಚಾ ಆಮ್ಯಾಲ. ಮೊದಲ ಬೈ." ನಂದಿನಿ ಹೆಲ್ಮೆಟ್ ತೆಗೆಯುತ್ತಾ, "ಲಗೂನ ಬೈರಿ ಮನ್ಸೂರಣ್ಣ, ನಾ ಡ್ಯೂಟಿಗಿ ಹೋಗಬೇಕು" ಎಂದಳು. ಗಿರಾಕಿಗಳೆಲ್ಲ ನಕ್ಕರು. ಕಾಕಾ ನಗಲಿಲ್ಲ.

"ಬೈಯೋದು ನಿಮಗಲ್ಲ ಕಾಕಾ, ನಿಮ್ಮ ಮಗಗ. ಅಂವ ಎಲ್ಲಿ?" ಎಂದೆ.

"ಅಂವ ಅಂಜ್ಯಾನ."

"ಇನ್ನೂ ಗಾಡಿಗೇನು?"

"ಗಾಡಿಗಿ ಅಲ್ಲೋ, ನಿನಗ. ಎಲ್ಲಿ ನೀ ಬೈಯದೇ ಬಿಟ್ಟೀಯೋ ಅಂತ ಅಂಜ್ಯಾನ."

ಆಮೇಲೆ ಕೂತು ಚಹಾ ಕುಡಿದರು. ಎರಡನೆಯ ಕಪ್ಪೂ ಕುಡಿದರು. ಅಂಗಡಿಗೆ ಬಂದವರಿಗೆಲ್ಲ ಈಗ ಹೊಸ ಕಥೆ ಹೇಳುತ್ತಿದ್ದಾರೆ, ಅದೇ ಕಾಲು ಚಾಚಿ ತೋರಿಸಿ. ಈ ಕಥೆಯಲ್ಲಿ ಅವರು ಅಂಬಿಗನಿಗಿಂತ ಬುದ್ಧಿವಂತ, ಆದರೆ ಪೈಪಿನ ಬಟ್ಟೆ ಮರೆತ ದಡ್ಡ. ನಂದಿನಿ ಗಾಡಿ ತೆಗೆದುಕೊಂಡು ಹೋದಳು. ತಿರುವಿನ ತನಕ ನಾನೂ ಕಾಕಾನೂ ನೋಡುತ್ತಾ ನಿಂತೆವು. ಅವಳು ಕಣ್ಣಿಗೆ ಮರೆಯಾದ ಮೇಲೂ ಇಬ್ಬರೂ ಸ್ವಲ್ಪ ಹೊತ್ತು ಒಳಗೆ ಬರಲಿಲ್ಲ. ಆ ಹೆದರಿಕೆಗೆ ಯಾವ ಸೀಲೂ ಸಿಗುವುದಿಲ್ಲ, ದೇವು. ಅವಳು ದಿನಾ ಹೋಗುತ್ತಾಳೆ, ನಾವು ದಿನಾ ನಿಲ್ಲುತ್ತೇವೆ.

ಕಾಕಾ ನಮ್ಮ ಮನೆಯಲ್ಲೇ ಇದ್ದಾರೆ. ವಾಪಸು ಕರೆದುಕೊಂಡು ಹೋಗಲು ನೀನೇ ಬರಬೇಕು, ಇಲ್ಲವಾದರೆ ಇಲ್ಲೇ ಇರುತ್ತೇನೆ ಎಂದಿದ್ದಾರೆ. ರುಕ್ಸಾನಾ ಹಾಸಿಗೆ ಹಾಸಿಬಿಟ್ಟಿದ್ದಾಳೆ.

ನಾಳೆ ಬಾ. ನಿನಗಾಗಿ ಒಂದು ಬೈಗುಳ ಆರಿಸಿಟ್ಟಿದ್ದೇನೆ. ಅದು ಕಾಗದದ ಮೇಲೆ ಹಿಡಿಸುವುದಿಲ್ಲ.

ನಿನ್ನ
ಮನ್ಸೂರ